ಹಸಿರು ದಾರದ ಹೊಲಿಗೆ

ಜನವರಿ ೧೩, ಮಂಗಳವಾರ. ಸಂಜೆ ಐದೂ ಕಾಲಿಗೆ ಬರೆಯಲು ಕೂತೆ.

ಹೊಸ ವರ್ಷದ ಪ್ಲಾನರ್‌ಗಳ ಗಡಿಬಿಡಿ ಮುಗಿಯಿತೆಂದು ಇಂದು ಕಪಾಟು ಖಾಲಿ ಮಾಡುತ್ತಿದ್ದೆ. ತೀರ ಕೆಳಗಿನ ಖಾನೆಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ವಹಿ ಸಿಕ್ಕಿತು. ಚೀಲ ಬಿಚ್ಚಿದ ಕೂಡಲೇ ಮೈದಾ ಅಂಟಿನ ವಾಸನೆ ಬಂತು. ಹುಳು ಹತ್ತದಿರಲಿ ಎಂದು ಮೈಲುತುತ್ತ ಹಾಕಿ ಕುದಿಸಿದ ಅಂಟು ಅದು. ಆ ವಾಸನೆ ಬಂದರೆ ನನಗೆ ನಮ್ಮ ಹಿಂದಿನ ಓಣಿಯ ಆಯಿಯ ಪಡಸಾಲೆ ಕಣ್ಣಿಗೆ ಬರುತ್ತದೆ. ವಹಿಯನ್ನು ಮೂಗಿನ ಹತ್ತಿರ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ... ಎಲ್ಲವನ್ನೂ ದಿನಚರಿಯಲ್ಲಿ ಬರೆಯುವ ನಾನು ಅದನ್ನು ಮಾತ್ರ ಬರೆದಿಟ್ಟಿಲ್ಲ.

ಆಯಿ ನಮಗೆ ಸಂಬಂಧಿಕಳಲ್ಲ. ಇಳಕಲ್ಲಿನಲ್ಲಿ ಎಷ್ಟೋ ಮನೆಗಳ ಮಗ್ಗಕ್ಕೆ ಕೊಂಡಿ ಹಾಕಿಕೊಡುತ್ತಿದ್ದವಳು. ನಮ್ಮ ಊರಿನ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಕಣ್ಣು ಮಂದವಾದ ಮೇಲೆ ಆಯಿ ಆ ಕೆಲಸ ಬಿಟ್ಟಿದ್ದಳು. ಅದೇ ಹೊತ್ತಿಗೆ ನಾನು ಕಾಲೇಜು ಮುಗಿಸಿ, ನಾನೇ ವಿನ್ಯಾಸ ಮಾಡಿದ ವಹಿಗಳನ್ನು ಮಾರುವ ಕೆಲಸ ಶುರು ಮಾಡಿದ್ದೆ. ಐಹೊಳೆಯ ಗೈಡ್ ಒಬ್ಬರಿಗೆ ಪ್ರವಾಸಿಗಳ ವಿವರ ಬರೆಯುವ ವಹಿ, ಮದುವೆ ಮನೆಯವರಿಗೆ ತಯಾರಿಯ ವಹಿ, ಸಾಲಿ ಅಕ್ಕೋರಿಗೆ ಪಾಠದ ಪ್ಲಾನರ್. ಒಳಹಾಳೆ ಬಾಗಲಕೋಟೆಯಲ್ಲಿ ಅಚ್ಚಾಗಿ ಬಸ್ಸಿನಲ್ಲಿ ಬರುತ್ತಿತ್ತು. ಹೊಲಿದು, ರಟ್ಟು ಕಟ್ಟಿ, ಇಳಕಲ್ ಬಟ್ಟೆ ಹೊದಿಸುವುದು ಆಯಿಯ ಪಾಲಿಗೆ. ದಪ್ಪ ಸೂಜಿಯ ಕೆಲಸಕ್ಕೆ ಅವಳ ಕಣ್ಣು ಇನ್ನೂ ಸಾಕಾಗುತ್ತಿತ್ತು.

ಮೊದಲ ಸಲದ್ದು ನೆನೆದರೆ ಈಗಲೂ ನಗು ಬರುತ್ತದೆ. ಪ್ಲಾನರ್‌ನಲ್ಲಿ ಜನವರಿ ಆದ ಮೇಲೆ ನೇರ ಮಾರ್ಚ್ ಬಂದಿತ್ತು, ಆಮೇಲೆ ಫೆಬ್ರವರಿ. ನಾನು ತಲೆಯ ಮೇಲೆ ಕೈ ಹೊತ್ತು ಕೂತರೆ ಆಯಿ ಎಲೆ ಅಡಿಕೆ ಮೆಲ್ಲುತ್ತ ಅಂದಿದ್ದಳು: “ಏನಾತ ಈಗ? ಬ್ಯಾಸಗಿ ಒಂದೀಟು ಲಗೂ ಬಂತು, ಅಷ್ಟ.”

“ಆಯಿ, ಮಂದಿ ರೊಕ್ಕ ಕೊಟ್ಟು ತಗೊಳ್ಳೂದಿದು!”

“ನಾಳೆ ಏನ್ ಮಾಡ್ತೀನಿ ಅಂತ ಇವತ್ತ ಬರದ ಇಡಾಕ ರೊಕ್ಕ ಕೊಡ್ತಾರಲ್ಲ, ಅವ್ರಿಗೆ ಮಾರ್ಚ್ ಯಾವುದು ಫೆಬ್ರವರಿ ಯಾವುದು ಗೊತ್ತಾಗ್ತೈತೇನ? ಹೋಗ ಮಗಳ, ಚಾ ಮಾಡ್ಕೊಂಬಾ.”

ಬೈದುಕೊಳ್ಳುತ್ತಲೇ ಬಿಚ್ಚಿ ಮತ್ತೆ ಹೊಲಿದುಕೊಟ್ಟಳು. ಅಲ್ಲಿಂದ ಮುಂದೆ ಪ್ರತಿ ತಿಂಗಳ ಕಟ್ಟಿನ ಬೆನ್ನಿಗೂ ನಾನು ಪೆನ್ಸಿಲಿನಿಂದ ಗೀಟು ಎಳೆದು ಕೊಡುತ್ತಿದ್ದೆ. ಇದನ್ನು ಹೇಳಲು ಕಾರಣವಿದೆ. ಆಯಿ ತಪ್ಪು ಮಾಡುತ್ತಿದ್ದಳು, ಮಾಡಿದ್ದನ್ನು ಒಪ್ಪುತ್ತಲೂ ಇದ್ದಳು. ಮುಂದಿನದು ತಪ್ಪೋ, ಬೇಕೆಂದೇ ಮಾಡಿದ್ದೋ ಎಂಬುದೇ ನನಗೆ ಇಂದಿಗೂ ತಿಳಿಯದ ಸಂಗತಿ.

ಎರಡು ವರ್ಷದ ಹಿಂದೆ ಗುಡೂರಿನ ಇಬ್ಬರು ಅಕ್ಕತಂಗಿಯರು ಬಂದರು. ಹಿರಿಯವರು ಈಗ ಬಾಗಲಕೋಟೆಯ ನವನಗರದಲ್ಲಿದ್ದಾರೆ, ಕಿರಿಯವರು ಹುನಗುಂದದಲ್ಲಿ. ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ತಾಯಿಯ ಹಳೆಯ ಸೀರೆ ತಂದಿದ್ದರು: ಕಡು ನೀಲಿ ಒಡಲು, ಗೋಮಿ ನಮೂನೆಯ ದಡಿ, ಕೆಂಪು ಸೆರಗಿನಲ್ಲಿ ಬಿಳಿಯ ಟೋಪ್ ತೆನಿ ಚಿತ್ತಾರ. ಅದನ್ನು ಕತ್ತರಿಸಿ ಇಪ್ಪತ್ತು ವಹಿಗಳಿಗೆ ಹೊದಿಸಬೇಕು, ಪುಣ್ಯತಿಥಿಯ ದಿನ ಮನೆಮಂದಿಗೆಲ್ಲ ಒಂದೊಂದು ಕೊಡಬೇಕು, ಅವ್ವನ ಬಗ್ಗೆ ನೆನಪಾದದ್ದನ್ನು ಅವರವರು ಅದರಲ್ಲಿ ಬರೆಯಬೇಕು, ಇದು ಹಿರಿಯವರ ಯೋಚನೆ. ಸೆರಗಿನ ಭಾಗ ಮಾತ್ರ ತಮ್ಮಿಬ್ಬರ ವಹಿಗೆ ಬರಲಿ ಅಂದರು. ಕಿರಿಯವರು ಸೀರೆಯನ್ನು ನನ್ನ ಕೈಗಿಡುವಾಗ ಸ್ವಲ್ಪ ಹೊತ್ತು ಬಿಡದೆ ಹಿಡಿದುಕೊಂಡಿದ್ದರು.

ನಾನು ಅಂದಿನ ದಿನಚರಿಯಲ್ಲಿ ಸೀರೆಯ ಉದ್ದ, ಬಣ್ಣ, ದಡಿ, ಎಲ್ಲೆಲ್ಲಿ ಜೀರ್ಣವಾಗಿದೆ, ಎಲ್ಲ ಬರೆದುಕೊಂಡೆ. ‘ಸೆರಗಿನ ಹತ್ತಿರ ಒಂದು ಹರಕು, ಹೊಲಿದಿದೆ’ ಎಂದೂ ಬರೆದಿದ್ದೇನೆ. ಯಾವ ಬಣ್ಣದ ದಾರ ಎಂದು ಬರೆದಿಲ್ಲ.

ಆಯಿ ಸೀರೆಯನ್ನು ತೊಡೆಯ ಮೇಲೆ ಹರವಿ, ಒಡಲು ಸೆರಗು ಕೂಡುವ ಕಡೆ ಹೆಬ್ಬೆರಳಾಡಿಸಿದಳು.

“ಈ ಕೊಂಡಿ ನಾ ಹಾಕಿದ್ದೂ ಇರಬಹುದು,” ಅಂದಳು. “ಯಾರಿಗೆ ಗೊತ್ತು. ಊರ ತುಂಬ ನಾನ ಹಾಕೀನಿ.”

“ಇಪ್ಪತ್ತು ವಹಿ ಆಗಬೇಕ ಆಯಿ.”

“ಹೆಣ್ಮಗಳು ಸತ್ತರ ಸೀರಿ ಕೌದಿ ಆಗೂದು ನಮ್ಮ ಕಡೆ. ಹೊಚ್ಚಿಕೊಂಡ ಮಲಗ್ತಾರ. ವಹಿಗೆ ಯಾರರ ಸೀರಿ ಉಡಸ್ತಾರೇನ?”

“ಅವರಿಗೆ ಹಂಗ ಬೇಕಂತ.”

“ಬೇಕಂದ್ರ ಬೇಕಪಾ. ಇಟ್ಟ ಹೋಗು.”

ಹೇಳಿದ ದಿನಕ್ಕೆ ವಹಿಗಳು ತಯಾರಾದವು. ಮಾದರಿಗೆಂದು ನನಗೊಂದು ಹೆಚ್ಚಿಗೆ ಮಾಡಿದ್ದಳು. ಇಂದು ಸಿಕ್ಕಿದ್ದು ಅದೇ. ಅಷ್ಟು ಅಚ್ಚುಕಟ್ಟಾಗಿ ಅವಳು ಹಿಂದೆಂದೂ ಕಟ್ಟಿರಲಿಲ್ಲ. ಉಳಿದ ಬಟ್ಟೆ ಎಂದು ಒಂದು ಹಿಡಿ ಚಿಂದಿ ಕೊಟ್ಟಳು. ಇಷ್ಟೇನಾ ಎಂದು ಕೇಳಿದ್ದಕ್ಕೆ, “ಹಳಿ ಸೀರಿ, ಕತ್ತರಿ ಮುಟ್ಟಿದ್ರ ಪುಡಿ ಆಗ್ತೈತಿ,” ಅಂದಳು. ಇರಬಹುದು ಅಂದುಕೊಂಡೆ.

ಅಕ್ಕತಂಗಿಯರು ಬಂದು ವಹಿ ನೋಡಿದರು. ಹಿರಿಯವರು ಒಂದನ್ನು ಎದೆಗೊತ್ತಿಕೊಂಡು ಅತ್ತರು. ಕಿರಿಯವರು ಸೆರಗು ಹೊದಿಸಿದ ತಮ್ಮ ವಹಿಯನ್ನು ತಿರುವಿ ಮುರುವಿ ನೋಡಿದರು. ಅಕ್ಕನದನ್ನೂ ಇಸಿದುಕೊಂಡು ನೋಡಿದರು. ಆಮೇಲೆ ಇಪ್ಪತ್ತನ್ನೂ ಒಂದೊಂದಾಗಿ, ಚಿಂದಿಯನ್ನೂ ಬಿಡದೆ.

“ಇದು ನಮ್ಮವ್ವನ ಸೀರಿ ಅಲ್ರಿ,” ಅಂದರು.

“ಏನ್ ಮಾತಾಡ್ತಿ ನೀ? ಬಣ್ಣ ನೋಡ, ದಡಿ ನೋಡ,” ಅಂದರು ಅಕ್ಕ.

“ಹಸರ ದಾರದ ಹೊಲಿಗಿ ಎಲ್ಲೈತಿ?”

ಕಿರಿಯವರು ಹೇಳಿದ್ದು ಇಷ್ಟು. ಸಣ್ಣವರಿದ್ದಾಗ ತಾಯಿ ಅವರನ್ನು ದವಾಖಾನೆಗೆ ಕರೆದೊಯ್ಯುವಾಗ ಸೆರಗು ಸೈಕಲ್ಲಿನ ಕ್ಯಾರಿಯರ್‌ಗೆ ಸಿಕ್ಕು ಹರಿದಿತ್ತು. ಜ್ವರ ಬಿಟ್ಟ ಮೇಲೆ, ತನ್ನಿಂದ ಹರಿಯಿತೆಂದು ಆ ಹುಡುಗಿಯೇ ಕೂತು ಹೊಲಿದಿದ್ದಳು. ಮನೆಯಲ್ಲಿ ಸಿಕ್ಕಿದ್ದು ಹಸಿರು ದಾರ. ಬಿಚ್ಚಿ ಬೇರೆ ಹಾಕುತ್ತೇನೆಂದರೂ ತಾಯಿ ಒಪ್ಪಲಿಲ್ಲವಂತೆ. ಉಟ್ಟಾಗಲೆಲ್ಲ ಆ ಹೊಲಿಗೆ ಹೊರಗೆ ಕಾಣುವ ಹಾಗೆ ಸೆರಗು ಹೊದೆಯುತ್ತಿದ್ದರಂತೆ.

“ಅದ ಇಲ್ಲಂದ್ರ ನಾ ಇದರಾಗ ಏನಂತ ಬರೀಲ್ರಿ?” ಎಂದು ನನ್ನನ್ನೇ ಕೇಳಿದರು.

ನಾನು ಆಯಿಯ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳ ಮಗನ ಮನೆಯಲ್ಲೂ ಮಗ್ಗವಿದೆ. ಅದೇ ಬಣ್ಣದ, ಎಲ್ಲೋ ಎಳೆ ಕಡಿದು ಮಾರಾಟಕ್ಕಾಗದ ಸೀರೆ ಸಿಗುವುದು ಕಷ್ಟವಲ್ಲ. ಒಂದೆರಡು ಸಲ ಒಗೆದರೆ ಹಳೆಯದರಂತೆ ಕಾಣಲೂಬಹುದು. ಇದೆಲ್ಲ ತಲೆಗೆ ಬಂದದ್ದಕ್ಕೆ ನಾಚಿಕೆಯೂ ಆಯಿತು. ಇಷ್ಟಾಗಿ ಅವಳಿಗೇನು ಬಂತು ಇದರಿಂದ?

“ಆಯಿ, ಸೆರಗಿನ ಹತ್ರ ಒಂದು ಹೊಲಿಗಿ ಇತ್ತಲ್ಲ, ಅದು ಯಾವ ವಹಿಗೆ ಹೋತು?”

“ಎಲ್ಲೆರ ರಟ್ಟಿನ ಒಳಗ ಮಡಿಚಿ ಹೋಗಿರತೈತಿ. ನೋಡಾಕ ಬೇಕಂದ್ರ ರಟ್ಟು ಹರಿಯಬೇಕು. ಹರೀತೀರೇನ?”

“ಅದು ಅವರವ್ವನ ಸೀರೀನ ಹೌದಲ್ಲ?”

ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. “ನಾ ಕಳ್ಳಿ ಅಂತ ಅನಾಕ ಬಂದಿಯೇನ?”

“ಇಲ್ಲ ಆಯಿ...”

ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಆಯಿ, ಬೇರೆ ಯಾರದೋ ಸುದ್ದಿ ಕೇಳುವವಳ ಹಾಗೆ, “ಆ ಹುಡುಗಿ ಅದ್ಯಾಕ ಹಸರ ದಾರದಾಗ ಹೊಲೀತು? ಕೆಂಪು ಸಿಗಲಿಲ್ಲೇನ?” ಅಂದಳು.

ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಹಸಿರು ಎಂದು ನಾನು ಹೇಳಿದ್ದೆನೇ? ಹೊಲಿದದ್ದು ಮಗಳು ಎಂದು ಹೇಳಿದ್ದೆನೇ? ಹೇಳಿರಬಹುದು. ಗಾಬರಿಯಲ್ಲಿ ಒಳಗೆ ಕಾಲಿಡುವಾಗಲೇ ಎಲ್ಲವನ್ನೂ ಒದರಿರಬಹುದು. ಅಂದಿನ ದಿನಚರಿಯನ್ನು ಎಷ್ಟೋ ಸಲ ಓದಿದ್ದೇನೆ. ಆಯಿಯ ಮಾತೆಲ್ಲ ಇದೆ, ನನ್ನ ಮಾತು ಇಲ್ಲ.

ರಟ್ಟು ಹರಿಯಲು ಅಕ್ಕ ಒಪ್ಪಲಿಲ್ಲ. ತಿಥಿ ಎದುರಿಗಿತ್ತು. ವಹಿಗಳನ್ನು ಹಂಚಿದರು. ನಾನು ನನ್ನ ಮಾದರಿ ವಹಿಯನ್ನು ಒಬ್ಬ ಸೀರೆ ಅಂಗಡಿಯವರಿಗೆ ತೋರಿಸಿದೆ. ಅವರು ಬಟ್ಟೆಯನ್ನು ಉಗುರಿನಿಂದ ಕೆರೆದು, ಅಂಟು ಕುಡಿದ ಬಟ್ಟೆ ಹಳೆಯದೋ ಹೊಸದೋ ಹೇಳಲು ಬರುವುದಿಲ್ಲ ಅಂದರು. ಜೊತೆಗೆ, “ಹಳಿ ಸೀರಿ ಈಗ ಭಾಳ ರೊಕ್ಕಕ್ಕ ಹೋಗ್ತಾವವಾ,” ಎಂದೂ ಅಂದು ನಕ್ಕರು. ಆ ನಗೆ ನನಗೆ ಸೇರಲಿಲ್ಲ. ಆಯಿ ಮಾರಿಕೊಂಡಳು ಎಂದು ನಾನು ನಂಬಲಾರೆ. ಆದರೆ ನಂಬಲಾರೆ ಎಂಬುದು ಗೊತ್ತಿದೆ ಎಂದ ಹಾಗಲ್ಲವಲ್ಲ.

ಅದಾದ ಮೇಲೂ ಆಯಿ ನನಗೆ ವಹಿ ಹೊಲಿದುಕೊಟ್ಟಳು. ಬೈಗುಳ, ಚಹಾ ಎಲ್ಲ ಮೊದಲಿನ ಹಾಗೆಯೇ. ಆ ಸೀರೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಮರುವರ್ಷ ಕಣ್ಣಿನ ಆಪರೇಷನ್ ಎಂದು ಸೊಲ್ಲಾಪುರದ ಮಗಳ ಮನೆಗೆ ಹೋದಳು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋಗಿದ್ದೆ. ಬಸ್ಸು ಹೊರಡುವಾಗ ಕಿಟಕಿಯಿಂದ, “ಬಂದ ಮ್ಯಾಲ ಕಣ್ಣ ಚಲೋ ಕಾಣ್ತಾವ, ನಿನ್ನ ಮಾರ್ಚ್ ಫೆಬ್ರವರಿ ನಾನ ಓದ್ತೀನಿ ತಡಿ,” ಎಂದು ಕೂಗಿದಳು. ಅಲ್ಲಿ ಕಣ್ಣು ಸರಿಹೋಯಿತಂತೆ. ಆಮೇಲೆ ಎದೆನೋವು ಬಂತಂತೆ... ಕಳೆದ ಬೇಸಿಗೆಯಲ್ಲಿ ಸುದ್ದಿ ಬಂತು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ.

ಇಂದು ವಹಿ ಸಿಕ್ಕ ಮೇಲೆ ತಡೆಯಲಾಗದೆ ಆಯಿಯ ಮಗನ ಮನೆಗೆ ಹೋದೆ. ಅವನು ಮಗ್ಗ ನಿಲ್ಲಿಸಿ ಮೊಬೈಲಿನಲ್ಲಿ ತಾಯಿಯ ಕಡೆಯ ಫೋಟೋ ತೋರಿಸಿದ. ಹೊರಸಿನ ಮೇಲೆ ಆಯಿ, ಫೋಟೋ ತೆಗೆಯುವವರ ಮೇಲೆ ಸಿಟ್ಟು ಮಾಡಿಕೊಂಡ ಮುಖ. ಎದೆಯವರೆಗೆ ಒಂದು ಕೌದಿ. ಅದರ ನಡುವೆ ದೊಡ್ಡದೊಂದು ತುಂಡು, ಕಡು ನೀಲಿ, ಅದಕ್ಕೆ ಕತ್ತರಿಸದೆ ಕೂಡಿಕೊಂಡೇ ಇರುವ ಕೆಂಪು ಸೆರಗು.

ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕೆಂಪಿನ ಮೇಲೆ ಏನೋ ಒಂದು ಗೀಟು. ಹಸಿರೆಂದರೆ ಹಸಿರು, ನೆರಳೆಂದರೆ ನೆರಳು. ಇನ್ನೂ ಹಿಗ್ಗಿಸಿದರೆ ಬರೀ ಚೌಕಗಳು.

“ಅಣ್ಣಾ, ಈ ಕೌದಿ ಯಾವಾಗ ಹೊಲಿದಿದ್ಳು ಆಯಿ?”

“ಅಕಿ ಯಾವಾಗ್ಲೂ ಒಂದಿಲ್ಲೊಂದು ಹೊಲಕೋಂತ ಕುಂದರತಿದ್ಳು ತಂಗಿ. ಇಂಥಾ ನೀಲಿ ಸೀರಿ ನಮ್ಮ ಊರಾಗ ಮನಿಗೊಂದು ಅದಾವ.”

“ಈಗ ಎಲ್ಲೈತಿ ಅದು?”

“ಸತ್ತವರ ಹಾಸಗಿ ಹೊದಿಕಿ ಮನ್ಯಾಗ ಇಟ್ಕೊಳ್ಳಂಗಿಲ್ಲಲ್ಲ. ನಮ್ಮ ತಂಗಿ ಅಲ್ಲೇ ಸೊಲ್ಲಾಪುರ ಸ್ಟೇಷನ್ ಕಡೆ ಮಲಗೋರಿಗೆ ಕೊಟ್ಟ ಬಂದ್ಳು.”

ಮನೆಗೆ ಬಂದು ಹುನಗುಂದಕ್ಕೆ ಫೋನ್ ಮಾಡಿದೆ. ಮಾಡಬಾರದಿತ್ತೇನೋ. ಕಿರಿಯವರು ಎಲ್ಲ ಕೇಳಿಸಿಕೊಂಡರು.

“ಯಾರಿಗೆ ಕೊಟ್ಟಾರ್ರಿ ಅದನ್ನ? ಹೆಣ್ಮಕ್ಕಳಿಗೋ ಗಂಡಸರಿಗೋ?”

“ಗೊತ್ತಿಲ್ರಿ ಅಕ್ಕಾರ.”

“ಅದು ನಮ್ಮವ್ವನ ಸೀರೀನ ಅಂತೀರೇನು?”

“ಗೊತ್ತಿಲ್ರಿ.”

“ಮತ್ತ ನಿಮಗೇನ್ ಗೊತ್ತೈತ್ರಿ?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕ ತನ್ನ ವಹಿಯನ್ನು ಬರೆದು ತುಂಬಿಸಿ ಇನ್ನೊಂದು ತೆಗೆದುಕೊಂಡಿದ್ದಾಳೆ, ತಮ್ಮದರಲ್ಲಿ ಇನ್ನೂ ಒಂದಕ್ಷರ ಬಿದ್ದಿಲ್ಲ ಎಂದು ಹೇಳಿ ಫೋನ್ ಇಟ್ಟರು.

ಆಯಿ ಇದ್ದಿದ್ದರೆ ಇಂದು ಮತ್ತೆ ಹೋಗಿ ಕೇಳುತ್ತಿದ್ದೆ. ಬೈದಾದರೂ ಏನೋ ಒಂದು ಹೇಳುತ್ತಿದ್ದಳು. ಸೀರೆ ಎಲ್ಲಿ ಎಂಬುದಕ್ಕಿಂತ, ಹಾಗೆ ಮಾಡಿದ್ದರೆ ಏಕೆ ಎಂದು ಕೇಳುವುದಿತ್ತು. ಕತ್ತರಿಸಲು ಮನಸ್ಸು ಬರಲಿಲ್ಲವೇ ಆಯಿ, ಎಂದು. ಕೇಳಲು ಈಗ ಆ ಪಡಸಾಲೆಯಲ್ಲಿ ಯಾರೂ ಇಲ್ಲ.

ಇಂದಿನ ಈ ಬರಹವನ್ನು ಹೀಗೆಯೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಸೊಲ್ಲಾಪುರದಲ್ಲಿ ಕನ್ನಡ ಓದುವವರು ಬಹಳ ಮಂದಿ ಇದ್ದೀರಿ. ಕಳೆದ ಬೇಸಿಗೆಯಿಂದ ಈಚೆಗೆ ಸ್ಟೇಷನ್ನಿನ ಸುತ್ತಮುತ್ತ, ನಡುವೆ ನೀಲಿ ಒಡಲೂ ಕೆಂಪು ಸೆರಗೂ ಕೂಡಿರುವ ಕೌದಿಯನ್ನು ಯಾರಾದರೂ ಹೊದ್ದದ್ದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಕೆಂಪಿನ ಅಂಚಿನಲ್ಲಿ ಹಸಿರು ದಾರದ ಹೊಲಿಗೆ ಇದೆಯೋ ಇಲ್ಲವೋ ಒಮ್ಮೆ ನೋಡಿ ಈ ಪತ್ರಿಕೆಗೆ ಬರೆಯಿರಿ. ಹೊದ್ದವರಿಂದ ಅದನ್ನು ದಯವಿಟ್ಟು ಕೇಳಿ ಪಡೆಯಬೇಡಿ, ಈಗ ಚಳಿಗಾಲ. ಇದೆ ಎಂದೋ ಇಲ್ಲ ಎಂದೋ ಒಂದು ಮಾತು ಬಂದರೆ ಸಾಕು, ಹುನಗುಂದದಲ್ಲಿ ಒಬ್ಬರು ಮೊದಲ ಸಾಲು ಬರೆಯುತ್ತಾರೆ.