ಹುಣಸೇಕೊಂಬೆಗೆ ಬಂದ ಉತ್ತರ

ನನ್ನ ನಿಶ್ಚಿತಾರ್ಥವಾಗಿ ಹದಿನೈದು ದಿನವಾಗಿತ್ತು. ಹುಡುಗಿ ತೆಲುಗೂ ಆಡುವ ಗಡಿಯೂರು ರಾಯಚರ್ಲಿನವಳು, ಸೋಲಾರ್ ಪಾರ್ಕಿನ ಆಫೀಸೊಂದರಲ್ಲಿ ಕೆಲಸ. ಪ್ರೇಮಿಗಳ ದಿನದ ಹಿಂದಿನ ಸಂಜೆ ಫೋನು ಮಾಡಿ, "ನಾಳೆ ನಂಗೊಂದು ಪದ್ಯ ಕಳಿಸ್ಬೇಕು ರೀ. ಫಾರ್ವರ್ಡ್ ಬಂದಿದ್ದು ಬ್ಯಾಡ, ನಿಮ್ಮನೇದೇ ಆಗ್ಬೇಕು" ಎಂದಳು.

ನನಗೆ ಗೊತ್ತಿದ್ದ ಪದ್ಯಗಳೆಲ್ಲ ಅಜ್ಜಿಯ ಬಾಯಿಂದ ಬಂದವು. ಮದಲೂರಿನ ನಮ್ಮ ಮನೆಯ ಜಗಲಿಯಲ್ಲಿ ಅವಳು ಹುಣಸೇಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಪ್ರೀತಿಯ ಪದ ಕೇಳಿದೆ.

"ದೇವ್ರನ್ನ ಬುಟ್ರೆ ಇನ್ಯಾರ್ನೂ ಹೊಗಳ್ದೋಳಲ್ಲ ಕಣ್ಲಾ ನಾನು. ಬೀಗರ ಪದ ಬೇಕಾರೆ ಬರ್ಕ."

ಬೀಗರ ಪದವೆಂದರೆ ಮದುವೆಯಲ್ಲಿ ಎರಡೂ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಆಡಿಕೊಂಡು ಹಾಡುವುದು. ಆಡಿಸಿಕೊಂಡವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಸುಮ್ಮನೆ ಕೂತರೆ ನಿಜವಾಗಿಯೂ ಮುನಿದಿದ್ದಾರೆ ಎಂದೇ ಅರ್ಥ.

"ಬೈಯೋ ಪದ ಕಳ್ಸೋದಾ ಅಜ್ಜಿ?"

"ನಮ್ಮೋರಲ್ದೋರ್ನ ಯಾರಾದ್ರೂ ಇಂಗಂತಾರೇನ್ಲಾ?"

ಆ ಮಾತು ನನಗೆ ಸರಿಯೆನಿಸಿತು. ಅವಳು ಹೇಳಿದ್ದನ್ನು ಟೈಪು ಮಾಡಿ, ಬೆಳಗಾಗುತ್ತಲೇ ಕಳಿಸಿಬಿಟ್ಟೆ.

ಚೆಲುವೆ ಅಂದಾರಂತ ಗಾಡಿ ಕಟ್ಟಿ ಬಂದರೆ
ಹುಣಸೇಕೊಂಬೆಯಂಗೆ ನಿಂತವಳೆ, ಸೆರಗಲ್ಲಿ
ಹುರಿಗಡಲೆ ಮುಚ್ಕೊಂಡು ತಿಂತವಳೆ.

ನೀಲಿ ಗುರುತು ಎರಡೂ ಬಂದವು. ಉತ್ತರ ಬರಲಿಲ್ಲ. ಮದುವೆಮನೆಯಲ್ಲಾದರೆ ಈ ಪದಕ್ಕೆ ಚಪ್ಪರವೆಲ್ಲ ನಗುತ್ತದೆ. ಫೋನಿನಲ್ಲಿ ಅದನ್ನು ಒಬ್ಬಳೇ ಓದಿಕೊಳ್ಳುತ್ತಾಳೆ ಎಂಬುದು ನನಗೆ ಆಗ ಹೊಳೆಯಿತು. ಅವಳು ಉದ್ದಕ್ಕೆ, ತೆಳ್ಳಗೆ ಇರುವುದು ಅದರ ಹಿಂದೆಯೇ ನೆನಪಾಯಿತು.

ಮಾರನೆಯ ದಿನ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಅಮ್ಮ ಬೇರೆ, "ಆ ಕಡೆಯೋರು ಯಾಕೋ ಮಾತೇ ಇಲ್ವಲ್ಲ" ಎಂದಳು. ಕೂಡಿಬಂದ ಸಂಬಂಧವನ್ನು ಮೂರು ಸಾಲಿನಲ್ಲಿ ಕಳೆದುಕೊಂಡೆನೇ ಎಂದು ಅಜ್ಜಿಯನ್ನು ದುರುಗುಟ್ಟಿ ನೋಡಿದೆ.

"ತಡ್ಕಳ್ಲಾ, ಪದ ಕಟ್ಟೋದಂದ್ರೆ ಉಪ್ಪಿಟ್ಟು ಕೆದಕ್ದಂಗಾ?" ಎಂದು ಅವಳು ಬೀಜ ಬಿಡಿಸುತ್ತಲೇ ಇದ್ದಳು.

ಮೂರನೆಯ ದಿನ ಮಧ್ಯಾಹ್ನ ಒಂದು ವಾಯ್ಸ್ ಮೆಸೇಜು ಬಂತು. ಒತ್ತಿದರೆ ಯಾರೋ ಮುದುಕಿಯ ದನಿ. "ಏಮಪ್ಪಾ ಅಲ್ಲುಡೂ" ಎಂದು ತೆಲುಗಿನಲ್ಲಿ ಅಳಿಯನನ್ನು ಕರೆದು, ಕನ್ನಡದಲ್ಲಿ ರಾಗ ಎತ್ತಿತು:

ಗಂಡು ಗಟ್ಟಿ ಅಂತ ತಾಂಬೂಲ ಕೊಟ್ಟರೆ
ಮೊರದಂಥ ಕಿವಿಯ ಬೀಸವನೆ, ನಮ್ಮೂರ
ಗಾಳಿಗೆ ತೂರ್ಕೊಂಡು ಹೋಗವನೆ.

ಹಿಂದೆಯೇ ಹುಡುಗಿಯ ದನಿ, ನಗು ತಡೆದುಕೊಂಡು: "ನಮ್ಮಜ್ಜಿ ರೀ. ನಿಶ್ಚಿತಾರ್ಥದ ಫೋಟೊ ಮುಂದಿಟ್ಕಂಡು ಮೂರು ದಿನ ಕಟ್ಟಿದ್ದು. ಅದು ಮುಗ್ಯೋವರ್ಗೂ ನಾನು ಫೋನೇ ಎತ್ತಂಗಿಲ್ಲ ಅಂದ್ಬುಟ್ಟಿದ್ಲು."

ನಾನು ಜಗಲಿಗೆ ಓಡಿ ಅಜ್ಜಿಗೆ ಅದನ್ನು ಕೇಳಿಸಿದೆ. ಅಜ್ಜಿ ಇನ್ನೊಂದು ಸಲ ಹಾಕಿಸಿ ಕೇಳಿದಳು. ಆಮೇಲೆ ನನ್ನ ಕಿವಿಗಳನ್ನು ಈ ಕಡೆಯಿಂದೊಮ್ಮೆ, ಆ ಕಡೆಯಿಂದೊಮ್ಮೆ ನೋಡಿ ಹೇಳಿದಳು:

"ಒಳ್ಳೆ ಮನೆತನ ಕಣ್ಲಾ, ಇದ್ದಿದ್ನ ಇದ್ದಂಗೆ ಹೇಳವ್ರೆ. ತಗಿ ಫೋನ, ಬರ್ಕ ಇನ್ನೊಂದ."