ಬೇಡಕ್ಕನ ಹಳೆಯ ಚೈನು

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹೇಳಿ ಕೇಳಿದರೆ ಬೀದಿಯಲ್ಲಿ ಯಾರೂ ಮನೆ ತೋರಿಸುತ್ತಿರಲಿಲ್ಲ. ಬೇಡಕ್ಕ ಎಂದರೆ ಸಾಕು, ಆಡುವ ಮಕ್ಕಳೂ ಕೈ ಮಾಡಿ ತೋರಿಸುತ್ತಿದ್ದರು. ಚಿಕ್ಕಂದಿನಲ್ಲಿ ಕಾಯಿಲೆ ಬಂದು ಎರಡೂ ಕಾಲು ಸೋತ ಮೇಲೆ ಅವಳ ಬಾಯಲ್ಲಿ ಹೆಚ್ಚು ಬಂದ ಮಾತು ಅದೇ. ಎತ್ತಿಕೊಳ್ಳಲೇ? ಬೇಡ. ಹಿಡಿದುಕೊಳ್ಳಲೇ? ಬೇಡ. ‘ಅಯ್ಯೋ ಪಾಪ’ ಅಂದವರನ್ನಂತೂ ಅವಳು ಒಂದು ನೋಟ ನೋಡುತ್ತಿದ್ದಳು. ಅವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಅವಳದು ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿ. ಎದೆಯ ಮುಂದೆ ಪೆಡಲು, ಅಲ್ಲಿಂದ ಮುಂಚಕ್ರಕ್ಕೆ ಚೈನು. ಸಪಾಟು ರಸ್ತೆಯಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಆದರೆ ಅವಳು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದ ಕಾರ್ಖಾನೆ ಇದ್ದದ್ದು ಒಂದು ಏರಿನ ತುದಿಯಲ್ಲಿ. ಆ ಏರಿನಲ್ಲಿ ದಿನಾ ಬೆಳಗ್ಗೆ ತಮ್ಮ ಹಿಂದಿನಿಂದ ತಳ್ಳುತ್ತಿದ್ದ. ಬೇಡ ಅನ್ನಲಾಗದೆ ಅವಳು ಹಲ್ಲು ಕಚ್ಚಿ ಕೂರುತ್ತಿದ್ದ ಹೊತ್ತು ಅದೊಂದೇ.

ಒಂದು ದಿನ ತಮ್ಮ ಉಣ್ಣುತ್ತಾ ಹೇಳಿದ, “ಅಕ್ಕಾ, ಮುಂದಿನ ವಾರದಿಂದ ನಂಗೆ ಬೆಳಗಿನ ಪಾಳಿ. ತಳ್ಳೋಕೆ ಆಗಲ್ಲ. ನೀನು ಮನೇಲೇ ಕೂತು ಗುಂಡಿ ಹಾಕ್ಕೊಡು, ಬಟ್ಟೆ ಇಲ್ಲಿಗೇ ಕಳಿಸ್ತಾರಂತೆ. ಮಾತಾಡ್ಕೊಂಡು ಬಂದಿದೀನಿ.”

“ನನಗೆ ಬಾಯಿ ಇರ್ಲಿಲ್ವಾ, ನೀನು ಹೋಗಿ ಮಾತಾಡೋಕೆ?”

“ಹಂಗಾದ್ರೆ ಈ ವಾರದೊಳಗೆ ಒಬ್ಬಳೇ ಹತ್ತಿ ತೋರಿಸು.”

“ತೋರಿಸ್ತೀನಿ.”

ಅಂದದ್ದೇನೋ ಅಂದಳು. ಹತ್ತದಿದ್ದರೆ ನಾಲ್ಕು ಗೋಡೆಯೇ ಗತಿ ಎಂಬುದು ಅವಳಿಗೂ ಗೊತ್ತಿತ್ತು.

ಸೈಕಲ್ ರಿಪೇರಿ ಅಂಗಡಿಯ ಗೋಡೆಯ ಮೇಲೆ ಪೇಪರ್ ಹಾಕುವವನೊಬ್ಬನ ಮುರಿದ ಗೇರ್ ಸೈಕಲ್ ನೇತಾಡುತ್ತಿತ್ತು. ಅವನು ವರ್ಷಾನುಗಟ್ಟಲೆ ಇದೇ ಏರು ಹತ್ತಿದವನು. ಹಿಂಚಕ್ರದ ದೊಡ್ಡ ಹಲ್ಲುಚಕ್ರದ ಮೇಲೆ ಅವಳ ಕಣ್ಣು ಬಿತ್ತು.

“ಅಣ್ಣಾ, ಅದನ್ನ ನನ್ನ ಗಾಡಿ ಮುಂಚಕ್ರಕ್ಕೆ ಹಾಕಿ. ಹಲ್ಲುಚಕ್ರ ದೊಡ್ಡದಾದಷ್ಟೂ ಏರು ಹಗುರಾಗುತ್ತೆ.”

“ಹೊಂದಲ್ಲಮ್ಮ. ನಿಮ್ಮ ಗಾಡಿ ಚೈನು ಅಗಲ, ಅದರ ಚೈನು ಸಪೂರ. ಸಪೂರ ಚೈನು ನಿಮ್ಮ ಪೆಡಲಿನ ದಪ್ಪ ಹಲ್ಲಿನ ಮೇಲೆ ಕೂರೋದೇ ಇಲ್ಲ.”

“ಪೆಡಲಿಗೂ ಆ ಸೈಕಲಿಂದೇ ಚಿಕ್ಕದು ಹಾಕಿ. ಆಗ ಕೂರುತ್ತಲ್ಲ?”

ರಿಪೇರಿಯವನು ತಲೆ ಕೆರೆದುಕೊಂಡ. ಆಮೇಲೆ ವಾಷರ್ ಕೊಟ್ಟು, ಬೆಸುಗೆ ಹಾಕಿಸಿ, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದೇ ನೇರಕ್ಕೆ ಬಂದಿವೆಯೇ ಎಂದು ದಾರ ಹಿಡಿದು ನೋಡಿ, ಕೊನೆಗೆ ಥಳಥಳ ಹೊಳೆಯುವ ಹೊಸ ಚೈನು ಏರಿಸಿದ. ಮುಂಚಕ್ರ ಎತ್ತಿ ತಿರುಗಿಸಿದರೆ ಸದ್ದೇ ಇಲ್ಲ. ಅವನ ಮುಖ ಊರಗಲವಾಯಿತು.

ಆದರೆ ಅವಳು ಏರು ಹತ್ತತೊಡಗಿ ಚೈನಿನ ಮೇಲೆ ಭಾರ ಬೀಳುತ್ತಿದ್ದ ಹಾಗೇ ಕಟಕ್! ಚೈನು ಹಲ್ಲಿನ ಮೇಲೆ ಹಾರಿತು. ಮತ್ತೆ ತಿರುಗಿಸಿದಳು, ಮತ್ತೆ ಕಟಕ್. ಗಾಡಿ ಹಿಂದಕ್ಕೆ ಉರುಳಿತು. ಬ್ರೇಕ್ ಹಿಡಿಯುವಷ್ಟರಲ್ಲಿ ಬೀದಿಗೆ ಬೀದಿಯೇ ಓಡಿ ಬಂದಿತ್ತು.

“ಸಾಕು ಬಿಡಕ್ಕ,” ಎಂದ ತಮ್ಮ.

“ನೀನು ಬಾಯಿ ಮುಚ್ಚು.”

ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ನೆಟ್ಟಗೆ ಅಂಗಡಿಗೇ ಗಾಡಿ ತಿರುಗಿಸಿದಳು. ರಿಪೇರಿಯವನು ಹಲ್ಲುಗಳ ಮೇಲೆ ಬೆರಳಾಡಿಸಿ ಪೆಚ್ಚಾದ. “ಹಲ್ಲು ಸವೆದಿದೆ ಕಣಮ್ಮ. ಸವೆದ ಹಲ್ಲಿಗೆ ಹೊಸ ಚೈನು ಕಚ್ಚಲ್ಲ.”

“ಬೇರೆಯವರ ಸೈಕಲ್ ಆಗಿದ್ರೆ ಹೊಸದು ಹಾಕ್ತಿದ್ರಾ?”

“ಇಲ್ಲ. ಆ ಹಲ್ಲಿನ ಜೊತೆ ಸವೆದ ಹಳೇದನ್ನೇ ಹಾಕ್ತಿದ್ದೆ.”

“ಮತ್ತೆ ನನಗ್ಯಾಕೆ ಹೊಸದು?”

ಅವನು ನೆಲ ನೋಡಿದ. “ನಿಮಗೆ ಹಳೇದು ಹಾಕೋಕೆ ಮನಸ್ಸು ಬರ್ಲಿಲ್ಲ.”

“ನಿಮ್ಮ ಮನಸ್ಸು ನಿಮ್ಮ ಹತ್ರಾನೇ ಇರ್ಲಿ. ಆ ಹಳೇ ಚೈನು ಎಲ್ಲಿ?”

ಅವನು ಗುಜರಿ ಡಬ್ಬಕ್ಕೆ ಕೈ ಹಾಕಿ ಜಿಡ್ಡು ಮೆತ್ತಿದ ಚೈನನ್ನು ಹೊರಗೆಳೆದ. ಅದನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತು ಹಾಕಿ ಕೊಂಡಿ ಎಣಿಸಿ ತೋರಿಸಿದ. ಅಷ್ಟೇ ಕೊಂಡಿಗೆ ಹಳೆಯದು ಸವೆದು ಹಿಗ್ಗಿ ಬೆರಳಗಲ ಹೆಚ್ಚು ಇಳಿದಿತ್ತು. ಉದ್ದ ಸಾಲದ್ದಕ್ಕೆ ಅಷ್ಟೇ ಸವೆದ ಇನ್ನೊಂದರ ತುಂಡು ಸೇರಿಸಿದ. ಈ ಸಲ ತಿರುಗಿಸಿದಾಗ ಗರಗರ ಸದ್ದು ಬಂತು. ಅವಳಿಗೆ ಆ ಸದ್ದೇ ಹಿಡಿಸಿತು.

ಮರುದಿನ ಬೆಳಗ್ಗೆ ತಮ್ಮ ಪಕ್ಕದಲ್ಲಿ ನಡೆದು ಬಂದ. ಗಾಡಿ ಇರುವೆಯ ಹಾಗೆ ಹತ್ತುತ್ತಿತ್ತು, ಆದರೆ ಹತ್ತುತ್ತಿತ್ತು. ತೋಳು ಉರಿಯುತ್ತಿದ್ದವು, ರವಿಕೆ ಬೆವರಿಗೆ ಅಂಟಿತ್ತು. ಚೈನು ಒಮ್ಮೆಯೂ ಹಾರಲಿಲ್ಲ. ಕಾರ್ಖಾನೆಯ ಗೇಟಿಗೆ ಇನ್ನು ನಾಲ್ಕು ಮಾರು ಇದೆ ಅನ್ನುವಾಗ ಪೆಡಲು ಇದ್ದಕ್ಕಿದ್ದಂತೆ ಹಗುರಾಯಿತು.

ಅವಳು ಬ್ರೇಕ್ ಹಿಡಿದಳು.

“ಕೈ ತೆಗಿ.”

“ಸುಮ್ನೆ ಮುಟ್ಟಿದೆ ಅಷ್ಟೇ, ಅಕ್ಕಾ. ಬಂದೇ ಬಿಡ್ತಲ್ಲ...”

“ತೆಗಿ ಅಂದೆ.”

ಗಾಡಿ ತಿರುಗಿಸಿದಳು. ಹತ್ತಿದ್ದನ್ನೆಲ್ಲ ಇಳಿದು ಬುಡಕ್ಕೆ ಹೋಗಿ ನಿಂತಳು. ಗೇಟಿನಲ್ಲಿ ನೆರೆದಿದ್ದ ಹೆಂಗಸರು ಹುಚ್ಚು ಹಿಡೀತಾ ಇವಳಿಗೆ ಅಂದುಕೊಂಡರು. ಗಂಟೆ ಹೊಡೆಯಿತು. ಅವಳು ಮತ್ತೆ ಹತ್ತತೊಡಗಿದಳು, ಗರಗರ ಗರಗರ. ತಮ್ಮ ಈ ಸಲ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದ.

ಗೇಟಿನೊಳಗೆ ಮೇಸ್ತ್ರಿ ಗಡಿಯಾರ ನೋಡಿಕೊಂಡು ಕೇಳಿದ, “ಏನಮ್ಮ, ಯಾಕೆ ತಡ?”

ಬೇಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಎರಡು ಸಲ ಹತ್ತಿದೆ ಸಾರ್.”