ಭೀಮೆಯ ಈಚೆ ದಂಡೆಯ ಚುಕ್ಕಿ ಆಟ

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಎದುರು ಖಂಡೆಪ್ಪನ ರೇಡಿಯೋ ಅಂಗಡಿ ಇತ್ತು. ಹೊಲಮನೆ ಇದ್ದವನು, ಆದರೆ ಎತ್ತಿನ ಬಾಲ ಹಿಡಿಯುವುದಕ್ಕಿಂತ ಕಂಪನಿಯ ಬಾಲ ಹಿಡಿಯುವುದರಲ್ಲೇ ಮರ್ಯಾದೆ ಕಂಡವನು. ಸ್ಟೋ, ಟಾರ್ಚು, ಗ್ರಾಮಾಫೋನು, ಯಾವ ಹೊಸ ಸಾಮಾನು ಬಂದರೂ ಮೊದಲು ಏಜೆಂಟನಾಗುವವನು ಅವನೇ. ಅಂಗಡಿಯ ಹಲಗೆಯ ತುಂಬ ಕಂಪನಿಗಳ ಹೆಸರು. ಅವನ ಹೆಸರಿಗೇ ಜಾಗ ಉಳಿದಿರಲಿಲ್ಲ.

"ನಮ್ಮ ಮನಿಯವ್ರು ಸಾಮಾನು ಮಾರೂದಿಲ್ರಿ, ಬೋರ್ಡ್ ಬರಸ್ತಾರ," ಎಂದು ಹೆಂಡತಿ ಇಂದುಬಾಯಿ ಬಂದವರ ಮುಂದೆಯೇ ಹೇಳುತ್ತಿದ್ದಳು.

೧೯೭೫ರಲ್ಲಿ ಸರಕಾರ ಈ ಕಡೆಯ ಕೆಲವು ಹಳ್ಳಿಗಳಿಗೆ ಒಂದೊಂದು ಟಿವಿ ಕೊಟ್ಟಿತು. ಸಂಜೆಯಾದರೆ ಉಪಗ್ರಹದಿಂದ ಗೊಬ್ಬರ, ಲಸಿಕೆ, ಮಿತಸಂತಾನದ ಪಾಠ ಬರುತ್ತಿತ್ತು. ವರ್ಷ ತುಂಬುತ್ತಲೇ ಉಪಗ್ರಹ ಬೇರೆ ಕಡೆ ಹೋಯಿತು, ಟಿವಿ ಮಾತ್ರ ಶಾಲೆಯಲ್ಲಿ ಉಳಿಯಿತು. ಮಾಸ್ತರರು ಅದರ ಮೇಲೆ ಸೀಮೆಸುಣ್ಣದ ಡಬ್ಬಿ ಇಡತೊಡಗಿದರು.

ಆಗ ಮುಂಬೈಯ ಒಂದು ಕಂಪನಿಯ ಸಾಹೇಬರು ಬಂದರು. ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದನ್ನು ಅವರ ಕಂಪನಿ ವಿದೇಶದ್ದನ್ನು ನೋಡಿ ಮಾಡಿತ್ತು. ಪರದೆಯ ಎರಡು ಅಂಚಿಗೆ ಎರಡು ಬಿಳಿ ಗೆರೆ, ನಡುವೆ ಓಡಾಡುವ ಒಂದು ಚುಕ್ಕಿ. ಇಬ್ಬರ ಕೈಗೆ ಒಂದೊಂದು ಗುಂಡಿ. ಗುಂಡಿ ತಿರುವಿ, ಗೆರೆ ಸರಿಸಿ ಚುಕ್ಕಿ ಹೊಡೆಯಬೇಕು. ಬಿಟ್ಟವನು ಸೋತ.

ಸಾಹೇಬರು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ನಕಾಶೆ ಹರವಿದರು. ಪುಣೆ, ಸೊಲ್ಲಾಪುರಕ್ಕೆ ಹಸಿರು ಬಣ್ಣ. ಭೀಮಾ ನದಿ ದಾಟಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಕ್ಕೂ ಕೆಂಪು. ಹೊಳೆಯ ಈಚೆಗೆ ಬರೇ ರಿಸ್ಕು ಎಂದು ಅವರು ಮರಾಠಿಯಲ್ಲಿ ವಿವರಿಸಿದರು.

"ಬ್ಯಾಸಿಗ್ಯಾಗ ಆ ಹೊಳಿ ನಾವು ನಡಕೊಂಡ ದಾಟ್ತೇವ್ರಿ ಸಾಹೇಬ್ರ. ರಿಸ್ಕ್ ಹ್ಯಾಂಗ ಅಲ್ಲೇ ನಿಂತಿತು?" ಎಂದ ಖಂಡೆಪ್ಪ. "ಹಳ್ಳ್ಯಾಗ ಟಿವಿ ಸುಮ್ನ ಕುಂತಾವ. ನಿಮ್ಮ ಆಟಕ್ಕ ಉಪಗ್ರಹ ಬ್ಯಾಡ, ಕರೆಂಟ್ ಇದ್ರ ಸಾಕು. ಒಮ್ಮೆ ಆಡಿಸಿ ನೋಡ್ರಿ."

ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಪರೀಕ್ಷೆ ಎಂದಾಯಿತು. ಊರಿಗೆ ಊರೇ ನೆರೆಯಿತು. ಮೊದಲ ಗುಂಡಿ ಊರಿನ ಯಜಮಾನ ಗುರಪ್ಪಗೌಡರ ಕೈ ಸೇರಿತು, ಅದನ್ನು ಹೇಳುವುದೇ ಬೇಡ. ಎರಡನೆಯದನ್ನು ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಮಾಸ್ತರರು ಕುಳಿತರು. ಚುಕ್ಕಿ ತಮ್ಮ ಕಡೆ ಬಂದಾಗಲೆಲ್ಲ ಗೆರೆ ಸರಿಸಿ ಅದಕ್ಕೆ ದಾರಿ ಬಿಟ್ಟರು. ಆಮೇಲೆ ಕುಳಿತ ಕಿರಾಣಿ ಅಂಗಡಿಯವ ಗುಂಡಿ ಮುಟ್ಟಲೇ ಇಲ್ಲ. ಗೌಡರು ಗೆದ್ದೇ ಗೆದ್ದರು, ನೋಡುವವರು ಆಕಳಿಸಿದರು. ಇಬ್ಬರು ಬೇಕಾದ ಆಟಕ್ಕೆ ಈ ಊರಲ್ಲಿ ಎರಡನೆಯವರೇ ಇಲ್ಲವೆಂಬುದು ಖಂಡೆಪ್ಪನಿಗೂ ಆಗಲೇ ಹೊಳೆದದ್ದು.

ಬಾಗಿಲಲ್ಲಿ ಕುರುಬರ ಮುದುಕಿ ರೇವವ್ವ ನಿಂತಿದ್ದಳು. ಊರ ರೀತಿ ತಿಳಿಯದ ಸಾಹೇಬರು ಅವಳನ್ನೇ ಕರೆದು ಗುಂಡಿ ಕೊಟ್ಟರು. ಮುದುಕಿಗೆ ಚುಕ್ಕಿಯೊಂದೇ ಕಂಡಿತು, ಎದುರಿಗೆ ಯಾರಿದ್ದಾರೆಂಬುದು ಕಾಣಲಿಲ್ಲ. ಗೌಡರು ಸೋತರು. ಇನ್ನೊಮ್ಮೆ ಆಡಿದರು, ಇನ್ನೊಮ್ಮೆ ಸೋತರು.

"ಪೆಟಿಗಿ ಕೆಟ್ಟೈತಿ," ಎಂದರು ಗೌಡರು.

"ಹೌದ್ರಿ, ಕೆಟ್ಟೈತ್ರಿ," ಎಂದರು ಮಾಸ್ತರರು.

"ನನ್ನ ಕಡಿ ಛಲೋ ಐತ್ರಿ ಗೌಡ್ರ," ಎಂದಳು ರೇವವ್ವ. "ಬೇಕಾದ್ರ ನೀವು ಈ ಕಡಿ ಬರ್ರಿ."

ಗೌಡರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗೌಡರ ಮನೆ, ವಾಡೆಯಿಂದ ಖಂಡೆಪ್ಪನಿಗೆ ಕರೆ ಬಂತು.

"ಆ ಪೆಟಿಗಿ ನಾ ತಗೋತೇನಿ."

"ನಿಮ್ಮ ಮನ್ಯಾಗ ಟಿವಿ ಇಲ್ಲಲ್ರಿ ಗೌಡ್ರ?"

"ಅದಕ್ಕ ತಗೊಳ್ಳಾಕತ್ತೇನಿ."

ಪೆಟ್ಟಿಗೆ ವಾಡೆಯ ಗಾಜಿನ ಕಪಾಟು ಸೇರಿತು. ಮುಂಬೈಯಲ್ಲಿ ಮಾತ್ರ ಸಾಹೇಬರುಗಳು ಈ ಒಂದು ಮಾರಾಟವನ್ನು ತೂಗಿ ಅಳೆದು ಬೆರಗಾದರು. ಟಿವಿ ಇಲ್ಲದವನೇ ಕೊಂಡನೆಂದರೆ ಆ ಸೀಮೆಯ ಹಸಿವು ಎಂಥದಿರಬೇಕು! ನಕಾಶೆಯ ಕೆಂಪು ಹಸಿರಾಯಿತು. ಲಾರಿಯಲ್ಲಿ ಮಾಲು ಬಂತು. ಹಿಪ್ಪರಗಿಯ ಗೌಡರ ಹತ್ತಿರ ಇದೆಯೆಂದ ಮೇಲೆ ಸಾಲೋಟಗಿಯವರು ಬಿಟ್ಟಾರೆಯೇ? ನಾಲತವಾಡದವರು? ನಾಲ್ಕು ತಾಲೂಕಿನ ದೊಡ್ಡ ಮನೆಗಳ ಕಪಾಟುಗಳು ತುಂಬಿದವು. ಖಂಡೆಪ್ಪ ಕೋಟು ಹೊಲಿಸಿದ. ಜೀವನದಲ್ಲಿ ಮೊದಲ ಸಲ ಅವನು ಏಜೆಂಟನಾಗಿದ್ದ ಸಾಮಾನು ಖರ್ಚಾಗಿತ್ತು. ಆಡುವುದು ಹೇಗೆಂದು ಮಾತ್ರ ಒಬ್ಬರೂ ಬಂದು ಕೇಳಲಿಲ್ಲ.

ಮುಂದೆ ಗುಲಬರ್ಗಾದಲ್ಲಿ ಟಿವಿ ಕೇಂದ್ರ ಶುರುವಾದಾಗ ಗೌಡರುಗಳು ಟಿವಿ ತಂದು, ಬಿದಿರಿಗೆ ಆಂಟೆನಾ ಕಟ್ಟಿ, ಪೆಟ್ಟಿಗೆಗಳನ್ನು ಬಿಚ್ಚಿದರು. ಮಕ್ಕಳು ಅಪ್ಪನನ್ನು ಸೋಲಿಸುವಂತಿಲ್ಲ, ಸೊಸೆಯಂತೂ ಮುಟ್ಟುವಂತಿಲ್ಲ. ಕೆಟ್ಟಿದೆ ಎಂಬ ಒಂದೇ ದೂರು ಹೊತ್ತು ಪೆಟ್ಟಿಗೆಗಳು ಒಂದೊಂದಾಗಿ ಇಂಡಿಗೆ ಮರಳಿದವು.

ಖಂಡೆಪ್ಪ ಕೋಟು ತೊಟ್ಟು ಮುಂಬೈಗೆ ಹೋದ. "ಒಬ್ಬರೇ ಆಡೂವಂಥಾ ಆಟ ಮಾಡ್ರಿ. ಎದುರಿಗಿ ಯಂತ್ರ ಇರ್ಲಿ. ಯಂತ್ರದ ಮುಂದ ಸೋತ್ರ ನಮ್ಮ ಕಡೆ ಯಾರ ಮೀಸಿನೂ ಮಣ್ಣಾಗೂದಿಲ್ಲ."

ಸಾಹೇಬರುಗಳು ಇಡೀ ದಿನ ಚರ್ಚಿಸಿದರು. ಹೊಸ ಆಟವೆಂದರೆ ಹೊಸ ಬಿಡಿಭಾಗ, ಹೊಸ ಇಂಜಿನಿಯರು, ಅದೂ ಭೀಮೆಯ ಆಚೆಯವರ ಸಲುವಾಗಿ. ಅಷ್ಟು ರಿಸ್ಕು ಸಲ್ಲದು. ಕಡೆಗೆ ಹಳೆಯ ಪೆಟ್ಟಿಗೆಯ ಮುಚ್ಚಳಕ್ಕೆ ಜೋಡೆತ್ತಿನ ಚಿತ್ರ ಹಾಕಿ, ಕೆಳಗೆ ಕನ್ನಡದಲ್ಲಿ 'ನಮ್ಮ ಊರ ಅಟ' ಎಂದು ಅಚ್ಚು ಹಾಕಿಸಿ ಕಳಿಸಿದರು. ದೀರ್ಘ ಬಿದ್ದುಹೋಗಿದ್ದನ್ನು ತಿದ್ದುವವರು ಅಲ್ಲಿ ಯಾರೂ ಇರಲಿಲ್ಲ. ಆ ಮಾಲು ಬಂದದ್ದು ಬಂದ ಹಾಗೇ ಖಂಡೆಪ್ಪನ ಅಂಗಡಿಯಲ್ಲಿ ಉಳಿಯಿತು.

ಇಂದುಬಾಯಿಗೆ ರೇಗಿತು. ಅಂಗಡಿಯ ಹಳೆಯ ಟಿವಿಗೆ ಒಂದು ಪೆಟ್ಟಿಗೆ ಜೋಡಿಸಿಕೊಂಡು, ಪಕ್ಕದ ಮನೆಯ ಶಮಶಾದಬಿಯನ್ನು ಎದುರು ಕೂರಿಸಿದಳು. ತಿಂಗಳೊಳಗೆ ಮಧ್ಯಾಹ್ನವಾದರೆ ಓಣಿಯ ಹೆಂಗಸರೆಲ್ಲ ಅಲ್ಲೇ. ರೊಟ್ಟಿ ಬಡಿದ ಕೈಗಳೇ ಗುಂಡಿ ತಿರುವುತ್ತಿದ್ದವು. ಸೋತವರು ಬೈದುಕೊಂಡು ಎದ್ದು, ಮತ್ತೆ ಸರದಿಗೆ ನಿಲ್ಲುತ್ತಿದ್ದರು. ಖಂಡೆಪ್ಪನಿಗೆ ತನ್ನ ಅಂಗಡಿಯಲ್ಲೇ ಕಾಲಿಡಲು ಜಾಗವಿರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು ರೇಡಿಯೋ ಬಿಚ್ಚುತ್ತಿದ್ದ.

ಕಂಪನಿಯ ಹೊಸ ಸಾಹೇಬನೊಬ್ಬ ಈ ಸೀಮೆಯನ್ನು ಇನ್ನೊಮ್ಮೆ ಅಳೆಯಲು ಬಂದದ್ದು ಅಂಥದೇ ಒಂದು ಮಧ್ಯಾಹ್ನ. ಒಳಗೆ ಇಣುಕಿದ, ಗದ್ದಲ ಕೇಳಿದ, ಹೆಂಗಸರನ್ನು ಕಂಡು ಹಿಂದೆ ಸರಿದ.

"ಗಿರಾಕಿಗಳು ಎಲ್ಲಿ?" ಎಂದು ಕೇಳಿದ.

ಖಂಡೆಪ್ಪ ಅವನ ಮುಖ ನೋಡಿದ. ಒಂದು ಚಹಾ ತರಿಸಿ ಕುಡಿಸಿ, ಸೊಲ್ಲಾಪುರದ ಬಸ್ಸಿಗೆ ಹತ್ತಿಸಿ ಬಂದ.